ರಕ್ತ ತೆಳು ಮಾಡುವ ಮಾತ್ರೆ: ಮಿಲಿಗ್ರಾಂ ಲೆಕ್ಕ, ಐಎನ್‌ಆರ್ ಪುಸ್ತಕ, ಸೊಪ್ಪಿನ ಸಾರು

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು ಮನೆಗೆ ಬಂದವರ ಕೈಯಲ್ಲಿ ಏಳೆಂಟು ಔಷಧಿಗಳ ಚೀಟಿ ಇರುತ್ತದೆ. ಅದರಲ್ಲಿ ಒಂದು ಮಾತ್ರೆ ಮಾತ್ರ ಬೇರೆಯೇ ಜಾತಿಯದು. ಡೋಸ್ ತುಸು ಕಡಿಮೆಯಾದರೆ ವಾಲ್ವಿನ ಮೇಲೆ ರಕ್ತ ಗರಣೆ ಕಟ್ಟುತ್ತದೆ, ತುಸು ಹೆಚ್ಚಾದರೆ ಎಲ್ಲೋ ಒಂದು ಕಡೆ ರಕ್ತ ಸೋರುತ್ತದೆ. ಎರಡರ ನಡುವಿನ ದಾರಿ ಕಿರಿದು. ಹಾಗಂತ ನಡೆಯಲಾಗದ ದಾರಿಯೇನಲ್ಲ. ಮೂವತ್ತು ವರ್ಷದಿಂದ ಈ ಮಾತ್ರೆ ನುಂಗುತ್ತ ತೋಟ, ಅಂಗಡಿ, ಶಾಲೆ ನಡೆಸಿಕೊಂಡು ಬಂದವರು ನಮ್ಮ ನಡುವೆ ಇದ್ದಾರೆ. ಅವರೆಲ್ಲ ಹಿಡಿದ ಕ್ರಮ ಒಂದೇ: ಬದುಕಿನಲ್ಲಿ ಏನು ಬದಲಾದರೂ ಲೆಕ್ಕಕ್ಕೆ ತಗೊಳ್ಳುವುದು.

ಮೊದಲು ನಿಮ್ಮದು ಯಾವ ಮಾತ್ರೆ ಎಂದು ನೋಡಿ

ನಮ್ಮಲ್ಲಿ ಎಕೋಸ್ಪ್ರಿನ್‌ಗೂ ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ, ಅಸಿಟ್ರಾಮ್‌ಗೂ ಅದನ್ನೇ ಅನ್ನುತ್ತಾರೆ. ನಿಜವಾಗಿ ಯಾವುದೂ ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತವೆ ಅಷ್ಟೆ. ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ. ಆಸ್ಪಿರಿನ್ (ಎಕೋಸ್ಪ್ರಿನ್ ಇದೇ), ಕ್ಲೋಪಿಡೋಗ್ರೆಲ್ ಎಂದಿದ್ದರೆ ಅದು ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುವ ಮಾತ್ರೆ, ಸ್ಟೆಂಟ್ ಹಾಕಿಸಿಕೊಂಡವರದು. ಎಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ಎಂದಿದ್ದರೆ ಹೊಸ ಪೀಳಿಗೆಯದು, ಅದರ ಮಾತು ಕೊನೆಯ ಹೊತ್ತಿಗೆ ಬರುತ್ತದೆ. ಅಸೆನೊಕೌಮರಾಲ್ (ನಿಕೌಮಲೋನ್ ಎಂದೂ ಬರೆದಿರುತ್ತಾರೆ, ಅಸಿಟ್ರಾಮ್ ಇದರದೇ ಬ್ರ್ಯಾಂಡ್) ಅಥವಾ ವಾರ್ಫರಿನ್ ಎಂದಿದ್ದರೆ ಈ ಲೇಖನದ ಬಹುಪಾಲು ನಿಮಗಾಗಿಯೇ.

ಲೋಹದ ವಾಲ್ವ್ ಇದ್ದವರಿಗೆ ಈ ಎರಡರಲ್ಲಿ ಒಂದು ಜೀವನಪೂರ್ತಿ ಬೇಕು. ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾಗಿ, ಎದೆಬಡಿತದ ಲಯ ತಪ್ಪಿದವರಿಗೂ ಇದೇ. ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟಿದವರಿಗೆ ಕೆಲವು ತಿಂಗಳು ಸಾಕಾಗಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಹಾಕಿದ ನಮ್ಮದೇ ದೇಶದ ಚಿತ್ರಾ ವಾಲ್ವ್ ಆಗಲಿ, ಹೊರದೇಶದ ವಾಲ್ವ್ ಆಗಲಿ, ಲೋಹದ್ದು ಅಂದಮೇಲೆ ಈ ಮಾತ್ರೆ ತಪ್ಪುವುದಿಲ್ಲ.

ನೆಂಟರಲ್ಲಿ ಯಾರಾದರೂ ಮೊಬೈಲ್ ನೋಡಿ "ಇದು ಇಲಿ ಪಾಷಾಣವಂತೆ" ಅಂದೇ ಅನ್ನುತ್ತಾರೆ. ಸುಳ್ಳಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸಲು ಹಿಡಿದ ಒಂದು ಜಾತಿಯ ಒಣಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್‌ನ ಪ್ರಯೋಗಾಲಯವೊಂದು ಬೇರ್ಪಡಿಸಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ವ್ಯತ್ಯಾಸವೆಲ್ಲ ಮಿಲಿಗ್ರಾಂನಲ್ಲಿದೆ.

ಮಾತ್ರೆ ಎಣಿಸಬೇಡಿ, ಮಿಲಿಗ್ರಾಂ ಹೇಳಿ

"ದಿನಾ ಒಂದೂವರೆ ಮಾತ್ರೆ ತಗೋತೀನಿ ಡಾಕ್ಟ್ರೇ." ಈ ಮಾತಿಗೆ ಅರ್ಥವೇ ಇಲ್ಲ. ಅಸಿಟ್ರಾಮ್ 1, 2, 3, 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. 2ರ ಒಂದೂವರೆ ಅಂದರೆ 3 ಮಿಗ್ರಾಂ. ಅದೇ ಒಂದೂವರೆ, 1ರಲ್ಲಾದರೆ 1.5, 4ರಲ್ಲಾದರೆ 6. ಅಂಗಡಿಯಲ್ಲಿ 2 ಇಲ್ಲವೆಂದು 4ರ ಸ್ಟ್ರಿಪ್ ಕೊಟ್ಟು "ಅದೇ ಕಂಪನಿ, ಅದೇ ಮಾತ್ರೆ" ಎಂದರೆ, ಮನೆಯಲ್ಲಿ ಹಳೆ ರೂಢಿಯಂತೆ ಒಂದೂವರೆ ನುಂಗಿ, ಹತ್ತು ದಿನಕ್ಕೆ ಒಸಡಿನಿಂದ ರಕ್ತ ಸುರಿಸಿಕೊಂಡು ಆಸ್ಪತ್ರೆಗೆ ಬರುವುದು ಹೀಗೆಯೇ.

ಇನ್ನೊಂದು ಎಡವಟ್ಟು ಇದಕ್ಕಿಂತ ಕೆಟ್ಟದ್ದು: ಅಸಿಟ್ರಾಮ್ ಬದಲು ವಾರ್ಫರಿನ್, ಅಥವಾ ವಾರ್ಫರಿನ್ ಬದಲು ಅಸಿಟ್ರಾಮ್ ಕೊಡುವುದು. ಕೆಲಸ ಒಂದೇ, ತೂಕ ಒಂದಲ್ಲ. ಸ್ಥೂಲವಾಗಿ ಹೇಳುವುದಾದರೆ 2 ಮಿಗ್ರಾಂ ಅಸೆನೊಕೌಮರಾಲ್ ಮಾಡುವ ಕೆಲಸಕ್ಕೆ 4 ಮಿಗ್ರಾಂನಷ್ಟು ವಾರ್ಫರಿನ್ ಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ವೈದ್ಯರೇ ಲೆಕ್ಕ ಹಾಕಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ ಮಾಡಬೇಕಾದದ್ದು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಆಗುವ ಕೆಲಸ ಅದಲ್ಲ.

ಆದ್ದರಿಂದ ಹೀಗೆ ಮಾಡಿ:

1. ಅಂಗಡಿಯಲ್ಲೇ ನಿಂತು ಸ್ಟ್ರಿಪ್ಪಿನ ಮೇಲೆ ಔಷಧಿಯ ಮೂಲ ಹೆಸರು ಮತ್ತು ಮಿಗ್ರಾಂ ಎರಡನ್ನೂ ಓದಿ, ಹಳೆ ಸ್ಟ್ರಿಪ್ಪಿನ ಜೊತೆ ಹೋಲಿಸಿ. ಖಾಲಿ ಸ್ಟ್ರಿಪ್ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡರೆ ಸುಲಭ.

2. ಬ್ರ್ಯಾಂಡ್ ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ವಾರದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ರಕ್ತಪರೀಕ್ಷೆ) ಮಾಡಿಸಿ.

3. ಮುರಿದು ನುಂಗುವ ಲೆಕ್ಕ ಬೇಡವೆಂದು ವೈದ್ಯರಿಗೆ ಹೇಳಿ. 1 ಮಿಗ್ರಾಂ ಮಾತ್ರೆಗಳನ್ನೇ ಬರೆಸಿಕೊಂಡರೆ 2 ಬೇಕಾದ ದಿನ ಎರಡು, 3 ಬೇಕಾದ ದಿನ ಮೂರು. ಈಳಿಗೆಮಣೆಯಲ್ಲಿ ಕತ್ತರಿಸಿದ ಅರ್ಧ ಎಂದೂ ಅರ್ಧವಾಗಿರುವುದಿಲ್ಲ.

4. ಎರಡು ಬಗೆಯ ಶಕ್ತಿಯ ಮಾತ್ರೆ ಮನೆಯಲ್ಲಿದ್ದರೆ ಎರಡು ಬೇರೆ ಡಬ್ಬಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಅಂಕಿ.

ಡೋಸನ್ನು ದಿನದ ಲೆಕ್ಕದಲ್ಲಿ ಅಲ್ಲ, ವಾರದ ಲೆಕ್ಕದಲ್ಲಿ ನೋಡುವುದು ಈ ಮಾತ್ರೆಯ ಪದ್ಧತಿ. ಉದಾಹರಣೆಗೆ ನಾಲ್ಕು ದಿನ 2, ಮೂರು ದಿನ 3 ಅಂದರೆ ವಾರಕ್ಕೆ 17 ಮಿಗ್ರಾಂ. ಐಎನ್‌ಆರ್ ಕಡಿಮೆ ಬಂದಾಗ ವೈದ್ಯರು ಎರಡು ದಿನ 2, ಐದು ದಿನ 3 ಎಂದು ಬದಲಿಸಿದರೆ 19 ಆಯಿತು, ಸುಮಾರು 12 ಪರ್ಸೆಂಟ್ ಏರಿಕೆ. ಬದಲಾವಣೆ ಸಾಮಾನ್ಯವಾಗಿ 5ರಿಂದ 20 ಪರ್ಸೆಂಟಿನೊಳಗೆ ಇರುತ್ತದೆ. "ಜಾಸ್ತಿ ಮಾಡಿ" ಅಂದರೆಂದು ದಿನಾ ಒಂದು ಮಾತ್ರೆ ಹೆಚ್ಚಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ, ನೀವೇ ಕೂಡಿಸಿ ನೋಡಿ.

"ದಿನ ಬಿಟ್ಟು ದಿನ 2 ಮತ್ತು 3" ಎಂದು ಚೀಟಿಯಲ್ಲಿದ್ದರೆ ನಾಲ್ಕನೇ ದಿನಕ್ಕೇ "ನಿನ್ನೆ ಎರಡೋ ಮೂರೋ" ಎಂಬ ಪ್ರಶ್ನೆ ಏಳುತ್ತದೆ. ಕೆಲವರು ಬೆಸ ತಾರೀಖಿಗೆ 3, ಸಮ ತಾರೀಖಿಗೆ 2 ಎಂದು ಜಾಣತನ ಮಾಡುತ್ತಾರೆ, ಆದರೆ 31 ಮತ್ತು 1 ಎರಡೂ ಬೆಸ. ವಾರದ ಹೆಸರಿಗೆ ಕಟ್ಟಿಬಿಡುವುದು ಒಳ್ಳೆಯದು: ಸೋಮ, ಬುಧ, ಶುಕ್ರ 3, ಉಳಿದ ದಿನ 2. ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಅಂಕಿ ಬರೆದಿಟ್ಟು, ನುಂಗಿದ ಮೇಲೆ ಗೀಟು ಹಾಕಿ. ನುಂಗುವ ಮೊದಲೇ ಹಾಕಬೇಡಿ. ಫೋನ್ ಬಂದರೆ ಗೀಟು ಉಳಿಯುತ್ತದೆ, ಮಾತ್ರೆ ಮೇಜಿನ ಮೇಲೆಯೇ ಇರುತ್ತದೆ.

ಹೊತ್ತು: ದೀಪ ಹಚ್ಚುವ ವೇಳೆ

ದಿನಕ್ಕೊಂದೇ ಹೊತ್ತು, ಸಂಜೆ 6ರಿಂದ 8ರೊಳಗೆ ಒಂದು ಗಂಟೆ ಗೊತ್ತು ಮಾಡಿಕೊಳ್ಳಿ. ಸಂಜೆಯೇ ಯಾಕೆಂದರೆ ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನದೊಳಗೆ ವರದಿ ಬರುತ್ತದೆ, ಡೋಸ್ ಬದಲಿಸಬೇಕಿದ್ದರೆ ಅಂದಿನ ಮಾತ್ರೆಯಿಂದಲೇ ಬದಲಿಸಬಹುದು. ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಚಿಂತೆ ಬೇಡ, ಈ ಎರಡು ಮಾತ್ರೆಗೆ ಅದು ಲೆಕ್ಕವಿಲ್ಲ.

ಮರೆತರೆ? ಅದೇ ದಿನ ಮಲಗುವ ಮೊದಲು ನೆನಪಾದರೆ ಆಗಲೇ ತಗೊಳ್ಳಿ. ಮರುದಿನ ನೆನಪಾದರೆ ಬಿಟ್ಟದ್ದು ಬಿಟ್ಟಂತೆ, ಎರಡು ದಿನದ್ದು ಸೇರಿಸಿ ನುಂಗಬಾರದು. ತಪ್ಪಿದ ದಿನದ ಚೌಕದಲ್ಲಿ ಸೊನ್ನೆ ಬರೆಯಿರಿ. ಎರಡು ದಿನ ತಪ್ಪಿದ್ದರೆ ವೈದ್ಯರಿಗೆ ಫೋನ್ ಮಾಡಿ. ಅಸಿಟ್ರಾಮ್ ಮೈಯಲ್ಲಿ ಅರ್ಧಕ್ಕಿಳಿಯಲು 8ರಿಂದ 11 ಗಂಟೆ ಸಾಕು, ವಾರ್ಫರಿನ್‌ಗೆ ಸುಮಾರು 40 ಗಂಟೆ. ಅಂದರೆ ಅಸಿಟ್ರಾಮ್ ನುಂಗುವವರ ಐಎನ್‌ಆರ್ ಬೇಗ ಕುಸಿಯುತ್ತದೆ, ಮರೆವಿಗೆ ಅದರಲ್ಲಿ ರಿಯಾಯಿತಿ ಕಡಿಮೆ. ಮರೆತದ್ದನ್ನು ಮುಚ್ಚಿಡುವುದು ಮರೆಯುವುದಕ್ಕಿಂತ ಅಪಾಯ. ವರದಿಯಲ್ಲಿ ಕಡಿಮೆ ಕಂಡ ವೈದ್ಯರು ಡೋಸ್ ಏರಿಸುತ್ತಾರೆ, ನೀವು ಅದನ್ನು ತಪ್ಪದೆ ನುಂಗುತ್ತೀರಿ, ಮುಂದಿನ ಸಲ ಐಎನ್‌ಆರ್ ಮಿತಿಮೀರಿ 6 ಬರುತ್ತದೆ.

ಐಎನ್‌ಆರ್ ಅಂದರೆ, ಮತ್ತು ಲ್ಯಾಬಿನಲ್ಲಿ ಏನು ನೋಡಬೇಕು

ಐಎನ್‌ಆರ್ ಅಂಕಿ ಹೆಚ್ಚಾದಷ್ಟೂ ರಕ್ತ ಹೆಪ್ಪುಗಟ್ಟುವುದು ತಡ. ಮಾತ್ರೆ ತಗೊಳ್ಳದವರ ಐಎನ್‌ಆರ್ 1ರ ಆಸುಪಾಸು. ನಿಮಗೆ ಬೇಕಾದದ್ದು ಅದಕ್ಕಿಂತ ಹೆಚ್ಚು. ಕಾಲಿನ ಗರಣೆ, ಎದೆಬಡಿತದ ಲಯ ತಪ್ಪಿದ್ದು, ಲೋಹದ ಅಯೋರ್ಟಿಕ್ ವಾಲ್ವ್, ಇವಕ್ಕೆ ಸಾಮಾನ್ಯವಾಗಿ 2ರಿಂದ 3. ಲೋಹದ ಮೈಟ್ರಲ್ ವಾಲ್ವ್‌ಗೆ 2.5ರಿಂದ 3.5. ನಿಮ್ಮ ಗುರಿ ಇದರಲ್ಲಿ ಯಾವುದು ಎಂದು ವೈದ್ಯರಿಂದ ಐಎನ್‌ಆರ್ ಬರೆದಿಡುವ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಕೊಳ್ಳಿ.

ಲ್ಯಾಬಿನವರ ಕಂಪ್ಯೂಟರಿಗೆ ನಿಮ್ಮ ವಾಲ್ವಿನ ಸುದ್ದಿ ಗೊತ್ತಿರುವುದಿಲ್ಲ. 2.8 ಬಂದರೆ ಅದು ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಹೈ" ಎಂದು ಮುದ್ರಿಸುತ್ತದೆ, "ನಾರ್ಮಲ್ 0.8–1.2" ಎಂದೂ ಕೆಳಗೆ ಹೇಳುತ್ತದೆ. ಅದನ್ನು ನೋಡಿ ಗಾಬರಿಬಿದ್ದು ಮಾತ್ರೆ ನಿಲ್ಲಿಸಿದವರಿದ್ದಾರೆ. ನಿಮಗೆ 2.8 ಒಳ್ಳೆಯ ಅಂಕ. 1.1 ಬಂದು "ನಾರ್ಮಲ್" ಎಂದು ಮುದ್ರಿಸಿದ್ದರೇ ಅಂದೇ ವೈದ್ಯರಿಗೆ ಫೋನ್ ಮಾಡಬೇಕಾದದ್ದು. ಅದೇ ವರದಿಯಲ್ಲಿ ಸೆಕೆಂಡ್, ಕಂಟ್ರೋಲ್, ರೇಶಿಯೋ, ಐಎಸ್‌ಐ ಎಂದು ನಾಲ್ಕೈದು ಅಂಕಿ ಇರುತ್ತವೆ. ಪುಸ್ತಕಕ್ಕೆ ಇಳಿಸಬೇಕಾದದ್ದು ಐಎನ್‌ಆರ್ ಒಂದೇ.

ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ರಕ್ತ ಹಾಕುವುದು ತಿಳಿ ನೀಲಿ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಗುರುತಿನ ಗೆರೆವರೆಗೆ ರಕ್ತ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಸುಳ್ಳುಸುಳ್ಳೇ ಏರಿ ಕಾಣುತ್ತದೆ. ನರ ಸಿಗದೆ ಅರ್ಧ ಟ್ಯೂಬಿಗೆ ನಿಲ್ಲಿಸಿದರೆ, ಇನ್ನೊಂದು ಟ್ಯೂಬಿಗೆ ಮತ್ತೊಮ್ಮೆ ತೆಗೆಯಿರಿ ಎಂದು ಸಂಕೋಚವಿಲ್ಲದೆ ಹೇಳಿ. ಸೂಜಿ ತೆಗೆದ ಮೇಲೆ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಮೊಣಕೈ ಮಡಚಿ ಎದ್ದು ಹೋಗಬೇಡಿ. ಸಾಧ್ಯವಾದಷ್ಟು ಒಂದೇ ಲ್ಯಾಬ್ ಇಟ್ಟುಕೊಳ್ಳಿ. ಹಿಂದಿನದಕ್ಕೆ ಏನೇನೂ ಹೊಂದದ ಅಂಕಿ ಬಂದಾಗ ಡೋಸ್ ಬದಲಿಸುವ ಮೊದಲು ಮರುಪರೀಕ್ಷೆ ಕೇಳುವುದು ನಿಮ್ಮ ಹಕ್ಕು.

ಎಷ್ಟು ದಿನಕ್ಕೊಮ್ಮೆ? ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ನೆಲೆ ನಿಂತ ಮೇಲೆ ತಿಂಗಳಿಗೊಮ್ಮೆ. ಡೋಸ್ ಬದಲಿಸಿದ ಮರುದಿನವೇ ಓಡಬೇಡಿ. ಈ ಮಾತ್ರೆ ಈಗಾಗಲೇ ರಕ್ತದಲ್ಲಿರುವ ಹೆಪ್ಪು ಕಟ್ಟಿಸುವ ಅಂಶಗಳನ್ನು ಮುಟ್ಟುವುದಿಲ್ಲ, ಯಕೃತ್ತು ಹೊಸದನ್ನು ಸರಿಯಾಗಿ ತಯಾರಿಸದಂತೆ ತಡೆಯುತ್ತದೆ ಅಷ್ಟೆ. ಹಳೆಯದು ಖರ್ಚಾಗಬೇಕು. ಕೆಲವು ಆರು ಗಂಟೆಯಲ್ಲಿ ಅರ್ಧವಾದರೆ ಪ್ರೋಥ್ರಾಂಬಿನ್ ಎಂಬ ಅಂಶಕ್ಕೆ ಎರಡೂವರೆ ದಿನ ಬೇಕು. ಹಾಗಾಗಿ ಇವತ್ತಿನ ಬದಲಾವಣೆಯ ಪೂರ್ತಿ ಫಲ ಕಾಣುವುದು ಐದಾರು ದಿನ ಕಳೆದ ಮೇಲೆ.

ಪುಸ್ತಕದಲ್ಲಿ ನಾಲ್ಕು ಕಂಬ ಸಾಕು: ತಾರೀಖು, ಐಎನ್‌ಆರ್, ವಾರದ ಒಟ್ಟು ಮಿಗ್ರಾಂ, ವಿಶೇಷ. ಆ ಕೊನೆಯ ಕಂಬವೇ ಪುಸ್ತಕದ ಜೀವ. "3 ದಿನ ಭೇದಿ", "ಮದುವೆ ಮನೆ, ಒಂದು ದಿನ ಮರೆತೆ", "ಹಲ್ಲುನೋವಿಗೆ 5 ದಿನ ಆ್ಯಂಟಿಬಯೋಟಿಕ್" ಎಂದು ಬರೆದವರ ಡೋಸ್ ಕೂರಿಸುವುದು ವೈದ್ಯರಿಗೆ ಅರ್ಧ ಸುಲಭ.

ಸೊಪ್ಪು ಬಿಡಬೇಡಿ, ಅಳತೆ ಬಿಡಬೇಡಿ

ಡಿಸ್ಚಾರ್ಜ್ ಆಗುವಾಗ ಯಾರೋ "ಸೊಪ್ಪು ತಿನ್ನಬೇಡಿ" ಅಂದಿರುತ್ತಾರೆ. ಮನೆಯವರು ಕೊತ್ತಂಬರಿ ಎಸಳನ್ನೂ ಹೆಕ್ಕಿ ತೆಗೆದು ಬಡಿಸುತ್ತಾರೆ. ಇದು ಬೇಡದ ಶಿಕ್ಷೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ, ಅದು ನಿಜ. ಆದರೆ ಡೋಸ್ ಕೂರಿಸುವುದು ನಿಮ್ಮ ಊಟಕ್ಕೆ ತಕ್ಕಂತೆ. ವಾರಕ್ಕೆರಡು ಸಲ ಬಸ್ಸಾರು ಮಾಡುವ ಮನೆಯಾದರೆ ಅದಕ್ಕೆ ತಕ್ಕ ಡೋಸ್ ನಿಲ್ಲುತ್ತದೆ. ತೊಂದರೆ ಬರುವುದು ತಿಂಗಳುಗಟ್ಟಲೆ ಮುಟ್ಟದೆ ಇದ್ದು ಒಂದು ವಾರ ದಿನಾ ತಿಂದಾಗ, ಅಥವಾ ದಿನಾ ತಿನ್ನುತ್ತಿದ್ದವರು ಥಟ್ಟನೆ ಬಿಟ್ಟಾಗ. ಸೊಪ್ಪನ್ನೇ ಮುಟ್ಟದವರ ಐಎನ್‌ಆರ್ ಸಣ್ಣ ಬದಲಾವಣೆಗೂ ಕುಣಿಯುತ್ತದೆ.

ದೊಡ್ಡವರಿಗೆ ದಿನಕ್ಕೆ ಸುಮಾರು 100 ಮೈಕ್ರೋಗ್ರಾಂ ವಿಟಮಿನ್ ಕೆ ಸಾಕು. 100 ಗ್ರಾಂ ಹಸಿ ಪಾಲಕ್‌ನಲ್ಲಿ ಇರುವುದು 480ರ ಹತ್ತಿರ. ದಂಟು, ಮೆಂತ್ಯ, ನುಗ್ಗೆ, ಹರಿವೆಯಂಥ ಕಡು ಹಸಿರು ಎಲೆಗಳನ್ನೆಲ್ಲ ಇದೇ ಸಾಲಿನಲ್ಲಿಟ್ಟು ಲೆಕ್ಕ ಹಾಕಿ. ಎಲೆಕೋಸು ಮಧ್ಯದಲ್ಲಿ. ಅಕ್ಕಿ, ರಾಗಿ, ತೆಂಗಿನೆಣ್ಣೆ, ಟೊಮೇಟೊ, ಕ್ಯಾರೆಟ್, ಬಾಳೆಹಣ್ಣು ತಲೆ ಕೆಡಿಸಿಕೊಳ್ಳಬೇಕಾದವಲ್ಲ. ಒಗ್ಗರಣೆಯ ಕರಿಬೇವು, ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ ಕೂಡ ಅಲ್ಲ. ಅಡುಗೆಯ ಅರಿಶಿನ, ಬೆಳ್ಳುಳ್ಳಿ ಇರಲಿ. ಅದನ್ನೇ ಕ್ಯಾಪ್ಸೂಲ್ ಮಾಡಿ ಮಾರುವುದು ಬೇಡ.

ನಮ್ಮ ವರ್ಷದಲ್ಲಿ ಎರಡು ಹೊತ್ತು ನೋಡಿಕೊಳ್ಳಬೇಕು. ಆಷಾಢದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಪತ್ರೊಡೆ, ಬಗೆಬಗೆ ಸೊಪ್ಪಿನ ಪಲ್ಯ ಸಾಲಾಗಿ ಬರುತ್ತವೆ, ಐಎನ್‌ಆರ್ ಇಳಿಯುತ್ತದೆ. ಅದರ ಬೆನ್ನಿಗೇ ಶ್ರಾವಣದ ಉಪವಾಸ: ಊಟ ಕಡಿಮೆಯಾದರೆ ವಿಟಮಿನ್ ಕೆ ಕಡಿಮೆ, ಮಾತ್ರೆ ಮಾತ್ರ ಅಷ್ಟೇ, ಐಎನ್‌ಆರ್ ಏರುತ್ತದೆ. ಏಕಾದಶಿಯ ಒಂದು ದಿನದಿಂದ ಏನೂ ಆಗದು. ತಿಂಗಳಿಡೀ ಒಪ್ಪೊತ್ತು ಮಾಡುವವರು, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ವೈದ್ಯರಿಗೆ ಹೇಳಿ, ನಡುವೆ ಒಂದು ಪರೀಕ್ಷೆ ಹೆಚ್ಚಿಗೆ ಮಾಡಿಸಿ. ಜ್ವರ, ವಾಂತಿ, ಭೇದಿಯಿಂದ ಎರಡು ಮೂರು ದಿನ ಗಂಜಿಯಲ್ಲೇ ಕಳೆದರೂ ಇದೇ ಮಾತು. ಕುಡಿಯುವವರಿಗೆ: ಒಂದೇ ದಿನ ಹೆಚ್ಚು ಕುಡಿದರೆ ಐಎನ್‌ಆರ್ ಏರುತ್ತದೆ, ಬೀಳುವ ಸಾಧ್ಯತೆಯೂ ಏರುತ್ತದೆ. ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು.

ಬೇರೆ ಔಷಧಿ, ಮತ್ತು "ಒಂದು ಸೂಜಿ ಹಾಕಿ" ಅನ್ನುವ ಚಾಳಿ

ಹೆಚ್ಚಿನ ಅನಾಹುತ ಆಗುವುದು ಸೊಪ್ಪಿನಿಂದಲ್ಲ, ಇಲ್ಲಿಂದ.

ಮೈಕೈ ನೋವಿಗೆ ಅಂಗಡಿಯಲ್ಲಿ ಕೈಗೆ ಸಿಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಯಾವುದೂ ನಿಮಗಲ್ಲ. ಅವು ಹೊಟ್ಟೆಯ ಒಳಪೊರೆ ಕೆರೆದು ಹುಣ್ಣು ಮಾಡುತ್ತವೆ, ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುತ್ತವೆ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಯಲ್ಲೂ ಇವೇ ಅಡಗಿರುತ್ತವೆ. ನೋವಿಗೆ, ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್. 650ರ ಮಾತ್ರೆ ದಿನಕ್ಕೆ ಮೂರು ಅಂದರೆ 1950 ಮಿಗ್ರಾಂ, ಅದನ್ನು ದಾಟಬೇಡಿ. ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬೇಕಾದರೆ ಐಎನ್‌ಆರ್ ನೋಡಿಸಿ, ಪ್ಯಾರಾಸಿಟಮಾಲ್ ಕೂಡ ದಿನಗಟ್ಟಲೆ ನುಂಗಿದರೆ ಅದನ್ನು ಏರಿಸುತ್ತದೆ. ಎಕೋಸ್ಪ್ರಿನ್ ನಿಮ್ಮ ಹೃದಯತಜ್ಞರೇ ಬರೆದಿದ್ದರೆ ಸರಿ, ಬೇರೆ ಯಾರ ಮಾತಿಗೂ ಸೇರಿಸಿಕೊಳ್ಳಬೇಡಿ.

ಐಎನ್‌ಆರ್ ಜೋರಾಗಿ ಏರಿಸುವವು: ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಸಿಪ್ರೊಫ್ಲೊಕ್ಸಾಸಿನ್, ಕ್ಲಾರಿಥ್ರೊಮೈಸಿನ್, ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್. ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಈ ಸಾಲಿನದೇ. ಹಚ್ಚುವ ಮುಲಾಮು ಅಲ್ಲವೇ ಎಂದು ಯಾರೂ ಅನುಮಾನ ಪಡುವುದಿಲ್ಲ, ನುಂಗಿದ ಎಂಜಲಿನೊಂದಿಗೆ ಅದು ಒಳಗೆ ಹೋಗುತ್ತದೆ. ಇಳಿಸುವವು: ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್. ರಿಫಾಂಪಿಸಿನ್ ಇರುವಷ್ಟು ಕಾಲ ಡೋಸ್ ಎರಡು ಮೂರು ಪಟ್ಟು ಏರಿಸಬೇಕಾಗಿ ಬರುತ್ತದೆ. ಕ್ಷಯದ ಕೋರ್ಸ್ ಮುಗಿದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ಎರಡು ಮೂರು ವಾರದಲ್ಲಿ ಅದರ ಪ್ರಭಾವ ಇಳಿದು, ಏರಿಸಿದ ಡೋಸ್ ಹಾಗೇ ಉಳಿದುಕೊಂಡಿರುತ್ತದೆ. ರಕ್ತ ಸೋರುವುದು ಆಗ. ಯಾವ ಹೊಸ ಔಷಧಿ ಶುರುವಾದರೂ, ಹಳೆಯದು ನಿಂತರೂ, 3ರಿಂದ 7 ದಿನದೊಳಗೆ ಒಂದು ಐಎನ್‌ಆರ್.

ಹಳ್ಳಿಯ ಔಷಧಿ, ಪುಡಿ, ಕಷಾಯ, ಹೆಸರಿಲ್ಲದ ಪೊಟ್ಟಣ: ಒಳಗೇನಿದೆ ಎಂದು ಗೊತ್ತಿಲ್ಲದ್ದನ್ನು ಲೆಕ್ಕಕ್ಕೆ ತಗೊಳ್ಳುವುದು ಹೇಗೆ? ಆಯುರ್ವೇದ ಬೇಕೇ ಬೇಕೆಂದರೆ ಓದಿದ ವೈದ್ಯರಿಂದ, ಹೆಸರು ಬರೆಸಿಕೊಂಡು, ಹೃದಯತಜ್ಞರಿಗೆ ತೋರಿಸಿ ತಗೊಳ್ಳಿ.

ಇನ್ನು ಸೂಜಿ. ಜ್ವರ ಬಂದರೆ ಕ್ಲಿನಿಕ್ಕಿಗೆ ಹೋಗಿ ಕುಂಡೆಗೆ ಒಂದು ಸೂಜಿ ಹಾಕಿಸಿಕೊಳ್ಳದೆ ಸಮಾಧಾನವಿಲ್ಲದವರು ನಾವು. ಆ ಸೂಜಿಯಲ್ಲಿ ಡೈಕ್ಲೋಫೆನಾಕ್ ಇದ್ದರೆ ತಪ್ಪು ಎರಡು ಪಟ್ಟು: ಔಷಧಿಯೂ ಸಲ್ಲದು, ಸ್ನಾಯುವಿನೊಳಗೆ ರಕ್ತ ಕಟ್ಟಿ ತೊಡೆ ಕಲ್ಲಾಗುವುದೂ ಉಂಟು. ಕ್ಲಿನಿಕ್ಕಿನಲ್ಲಿ ಕೂತ ತಕ್ಷಣ ಹೇಳುವ ಮೊದಲ ವಾಕ್ಯ "ನಾನು ಅಸಿಟ್ರಾಮ್ ತಗೋತೀನಿ, ಸ್ನಾಯುವಿಗೆ ಇಂಜೆಕ್ಷನ್ ಬೇಡ" ಎಂದಿರಲಿ. ಲಸಿಕೆಗೆ ಅಡ್ಡಿಯಿಲ್ಲ. ತೆಳು ಸೂಜಿ ಬಳಸಿ, ಉಜ್ಜದೆ ಕನಿಷ್ಠ ಎರಡು ನಿಮಿಷ ಒತ್ತಿ ಹಿಡಿದರಾಯಿತು. ರುಮ್ಯಾಟಿಕ್ ಹೃದ್ರೋಗದವರಿಗೆ ಮೂರು ವಾರಕ್ಕೊಮ್ಮೆ ಹಾಕುವ ಪೆನಿಸಿಲಿನ್ ಇಂಜೆಕ್ಷನ್ ಸ್ನಾಯುವಿಗೇ ಹೋಗುವಂಥದ್ದು. ಅದನ್ನು ನೀವಾಗಿ ನಿಲ್ಲಿಸಬೇಡಿ. ಮುಂದುವರಿಸುವುದೋ, ಪೆನಿಸಿಲಿನ್ ಮಾತ್ರೆಗೆ ಹೋಗುವುದೋ ಎಂದು ಹೃದಯತಜ್ಞರನ್ನೇ ಕೇಳಿ.

ಮಳೆಗಾಲದ ಜ್ವರ ಡೆಂಗಿ ಆಗಿರಬಹುದು. ಪ್ಲೇಟ್‌ಲೆಟ್ ಇಳಿಯುವ ಕಾಯಿಲೆ, ಮೇಲೆ ಈ ಮಾತ್ರೆ. ಜ್ವರ ಬಂದ ಎರಡನೇ ದಿನಕ್ಕೇ ರಕ್ತಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ಮತ್ತು ಐಎನ್‌ಆರ್ ಎರಡನ್ನೂ ವೈದ್ಯರಿಗೆ ತಿಳಿಸಿ.

ರಕ್ತ ಬಂದರೆ, ಬಿದ್ದರೆ

ತರಕಾರಿ ಹೆಚ್ಚುವಾಗ ಕುಯ್ದ ಬೆರಳನ್ನು ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಗಡಿಯಾರ ನೋಡಿಕೊಂಡು. ನಿಂತಿತೇ ಎಂದು ಎರಡೆರಡು ನಿಮಿಷಕ್ಕೆ ತೆಗೆದು ನೋಡಿದರೆ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಕಾಫಿಪುಡಿ ಮೆತ್ತುವುದು ಬೇಡ. ಮೂಗಿನಲ್ಲಿ ಬಂದರೆ ತಲೆ ಹಿಂದಕ್ಕೆ ಚಾಚಬೇಡಿ, ಮುಂದಕ್ಕೆ ಬಾಗಿ ಕೂತು ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಹಿಡಿಯಿರಿ. ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆ.

ಕಾಯದೆ ಹೋಗಬೇಕಾದವು: ಡಾಂಬರಿನಂತೆ ಕಪ್ಪಗೆ, ಅಂಟಾಗಿ, ನಾತ ಹೊಡೆಯುವ ಮಲ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅದು ಅಂಟುವುದಿಲ್ಲ), ಕೆಂಪು ಮೂತ್ರ, ರಕ್ತವಾಂತಿ, ಹಿಂದೆಂದೂ ಬಾರದಂಥ ತಲೆನೋವು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ "ಏನೂ ಆಗಿಲ್ಲ, ಎದ್ದು ನಡೆದೆ" ಎನ್ನುವ ಮಾತು ನಿಮಗೆ ಹೊಂದದು. ಅಂದೇ ಸಿಟಿ ಸ್ಕ್ಯಾನ್. ವಯಸ್ಸಾದವರಲ್ಲಿ ತಲೆಬುರುಡೆಯೊಳಗೆ ರಕ್ತ ನಿಧಾನ ಒಸರಿ, ಎರಡು ಮೂರು ವಾರದ ಮೇಲೆ ಮಂಪರು, ತೊದಲು, ವಾಲಾಡುವ ನಡಿಗೆ ಕಾಣಿಸುವುದುಂಟು. ಬಚ್ಚಲಿನ ಪಾಚಿ ತಿಕ್ಕಿಸುವುದು, ರಾತ್ರಿ ಒಂದು ಸಣ್ಣ ದೀಪ ಉರಿಸುವುದು ಔಷಧಿಯಷ್ಟೇ ಮುಖ್ಯ.

ಗರಣೆ ಕಟ್ಟಿದ ಸೂಚನೆ ಬೇರೆ: ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಏದುಸಿರು. ಲೋಹದ ವಾಲ್ವಿನವರಿಗೆ ಇನ್ನೊಂದು ಗುರುತಿದೆ. ರಾತ್ರಿ ಮಲಗಿದಾಗ ಎದೆಯಲ್ಲಿ ಕೇಳುವ ಟಿಕ್ ಟಿಕ್ ಸದ್ದು ಮನೆಯವರಿಗೂ ಪರಿಚಯವಾಗಿರುತ್ತದೆ. ಅದು ಮಂದವಾದರೆ, ನಿಂತರೆ ವಾಲ್ವಿನ ಎಲೆ ಸಿಕ್ಕಿಕೊಂಡಿರಬಹುದು. ಇವುಗಳಲ್ಲಿ ಯಾವುದಾದರೂ ಕಂಡರೆ 108. ಐಎನ್‌ಆರ್ ಪುಸ್ತಕವನ್ನು ಆಂಬುಲೆನ್ಸಿಗೆ ಜೊತೆಗೊಯ್ಯಿರಿ.

ರಕ್ತ ಸೋರದೆ ಬರೀ ಅಂಕಿ ಹೆಚ್ಚು ಬಂದರೆ, ಉದಾಹರಣೆಗೆ 5 ಅಥವಾ 6, ವೈದ್ಯರು ಸಾಮಾನ್ಯವಾಗಿ ಒಂದೆರಡು ಡೋಸ್ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಗಾಬರಿಯಿಂದ ವಿಟಮಿನ್ ಕೆ ಮಾತ್ರೆ ತಂದು ನುಂಗಬೇಡಿ. ಹೆಚ್ಚಾದರೆ ಐಎನ್‌ಆರ್ ವಾರಗಟ್ಟಲೆ ಮೇಲೇಳದೆ ವಾಲ್ವಿಗೇ ಕುತ್ತು ಬರುತ್ತದೆ.

ಹಲ್ಲು, ಆಪರೇಷನ್, ಬಸಿರು

ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಬೇಕಿಲ್ಲ. ಹಿಂದಿನ ದಿನ ಐಎನ್‌ಆರ್ ಮಾಡಿಸಿ, ಗುರಿಯೊಳಗಿದ್ದರೆ ಬೆಳಿಗ್ಗೆಯ ಹೊತ್ತು ಕೀಳಿಸಿಕೊಳ್ಳಿ, ಸೋರಿದರೆ ಹಗಲಿನಲ್ಲೇ ನೋಡಿಕೊಳ್ಳಬಹುದು. ಹೊಲಿಗೆ, ಟ್ರಾನೆಕ್ಸಾಮಿಕ್ ಆ್ಯಸಿಡ್ ದ್ರಾವಣ ಬಾಯಲ್ಲಿ ಹಿಡಿಯುವುದು, ಇಷ್ಟರಲ್ಲಿ ನಿಲ್ಲುತ್ತದೆ. ವಾಲ್ವ್ ಇದ್ದವರು ಹಲ್ಲಿನ ಕೆಲಸಕ್ಕೆ ಮೊದಲು ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಒಂದು ಡೋಸ್ ತಗೊಳ್ಳಬೇಕು, ಅದನ್ನು ಕೇಳಿ ಬರೆಸಿಕೊಳ್ಳಿ. ಕಣ್ಣಿನ ಪೊರೆಯ ಆಪರೇಷನ್ನಿಗೂ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ದೊಡ್ಡ ಆಪರೇಷನ್ನಿಗೆ ವಾರ್ಫರಿನ್ 5 ದಿನ ಮುಂಚೆ, ಅಸಿಟ್ರಾಮ್ 2–3 ದಿನ ಮುಂಚೆ ನಿಲ್ಲಿಸಿ, ನಡುವೆ ಹೆಪಾರಿನ್ (ಸೂಜಿಯಲ್ಲಿ ಕೊಡುವ, ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ) ಬೇಕೋ ಬೇಡವೋ ಎಂದು ಹೃದಯತಜ್ಞರು ತೀರ್ಮಾನಿಸುತ್ತಾರೆ. ಸರ್ಜನ್ ಒಬ್ಬರೇ "ಒಂದು ವಾರ ಬಿಡಿ" ಅಂದರೆ ಅಷ್ಟಕ್ಕೇ ಒಪ್ಪಬೇಡಿ.

ತಿರುಪತಿಯಲ್ಲೋ ಧರ್ಮಸ್ಥಳದಲ್ಲೋ ಮುಡಿ ಕೊಡುವ ಹರಕೆ ಇದ್ದರೆ ಕ್ಷೌರದವರಿಗೆ ಮೊದಲೇ ಹೇಳಿ, ಹೊಸ ಬ್ಲೇಡ್, ನಿಧಾನದ ಕೈ.

ವಾಲ್ವ್ ಹಾಕಿಸಿಕೊಂಡ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಇನ್ನೂ ಮಕ್ಕಳಾಗಬೇಕಾದ ವಯಸ್ಸಿನವರು. ಬಸಿರಿನ 6ರಿಂದ 12ನೇ ವಾರದಲ್ಲಿ ಈ ಮಾತ್ರೆ ಕೂಸಿನ ಮೂಗು, ಮೂಳೆಯ ಬೆಳವಣಿಗೆ ಕೆಡಿಸಬಹುದು. ವಾರ್ಫರಿನ್ ದಿನಕ್ಕೆ 5 ಮಿಗ್ರಾಂ ಮೀರಿದರೆ ಅಪಾಯ ಹೆಚ್ಚು. ಆದರೆ ಮಾತ್ರೆ ನಿಲ್ಲಿಸಿ ಕೂತರೆ ತಾಯಿಯ ವಾಲ್ವ್ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮಾತುಕತೆ ಬಸಿರಾಗುವ ಮೊದಲೇ ಆಗಬೇಕು. ಮುಟ್ಟು ಒಂದು ವಾರ ತಡವಾದರೆ ಮನೆಯಲ್ಲೇ ಪರೀಕ್ಷಿಸಿ, ಹೌದು ಅಂತಾದರೆ ಅಂದೇ ವೈದ್ಯರಿಗೆ ಫೋನ್. ನೀವಾಗಿ ನಿಲ್ಲಿಸಬೇಡಿ. ವಾರ್ಫರಿನ್ ತಗೊಳ್ಳುತ್ತ ಎದೆಹಾಲು ಕೊಡಬಹುದು.

ಹೊಸ ಮಾತ್ರೆಗಳು

ಐಎನ್‌ಆರ್ ಕಾಟವಿಲ್ಲದ ಎಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ಬಗ್ಗೆ ಕೇಳಿ "ನನಗೂ ಅದನ್ನೇ ಕೊಡಿ" ಎನ್ನುವವರು ಬಹಳ. ಲೋಹದ ವಾಲ್ವಿಗೆ ಅವು ಸಲ್ಲವು. ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಗರಣೆಯೂ ರಕ್ತಸ್ರಾವವೂ ಹೆಚ್ಚಾದದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು, 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ರುಮ್ಯಾಟಿಕ್ ವಾಲ್ವ್ ರೋಗದ ಜೊತೆ ಎದೆಬಡಿತದ ಲಯ ತಪ್ಪಿದವರಲ್ಲೂ ರಿವರೊಕ್ಸಬಾನ್‌ಗಿಂತ ಹಳೆ ಮಾತ್ರೆಯೇ ಮೇಲೆಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು.

ಇವನ್ನು ತಗೊಳ್ಳುವವರಿಗೆ ಇಷ್ಟು: ರಿವರೊಕ್ಸಬಾನ್ 15, 20 ಮಿಗ್ರಾಂ ಊಟದ ಜೊತೆಗೇ, ಖಾಲಿ ಹೊಟ್ಟೆಗೆ ಸರಿಯಾಗಿ ಹೀರಲ್ಪಡದು. ಡಾಬಿಗಟ್ರಾನ್ ಕ್ಯಾಪ್ಸೂಲ್ ಬಿಚ್ಚಬಾರದು, ತಂದ ಪ್ಯಾಕಿನಿಂದ ತೆಗೆದು ಬೇರೆ ಡಬ್ಬಿಗೆ ತುಂಬಲೂಬಾರದು, ತೇವಕ್ಕೆ ಕೆಡುತ್ತದೆ. ದಿನಕ್ಕೆರಡು ಹೊತ್ತಿನ ಮಾತ್ರೆ ಮರೆತರೆ 6 ಗಂಟೆಯೊಳಗೆ, ಒಂದು ಹೊತ್ತಿನದಾದರೆ 12 ಗಂಟೆಯೊಳಗೆ ತಗೊಳ್ಳಬಹುದು. ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು.

ಮಕ್ಕಳ ಊರಿಗೆ ಹೋಗುವಾಗ

ಆರು ತಿಂಗಳು ಮಗನ ಮನೆಗೆಂದು ಅಮೆರಿಕಕ್ಕೆ ಹೋಗುವವರು ಗಮನಿಸಿ: ಅಸೆನೊಕೌಮರಾಲ್ ಅಲ್ಲಿ ಮಾರಾಟದಲ್ಲಿಲ್ಲ, ಅಲ್ಲಿನದು ವಾರ್ಫರಿನ್. ಇರುವಷ್ಟು ದಿನಕ್ಕೂ ಬೇಕಾದ ಮಾತ್ರೆ, ಒಂದು ತಿಂಗಳದ್ದು ಮೇಲೆ, ಮೂಲ ಪ್ಯಾಕಿನಲ್ಲೇ ಒಯ್ಯಿರಿ. ಅರ್ಧ ಕೈಚೀಲದಲ್ಲಿ, ಅರ್ಧ ಸೂಟ್‌ಕೇಸಿನಲ್ಲಿ. ಮೂಲ ಹೆಸರು, ಮಿಗ್ರಾಂ, ವಾಲ್ವಿನ ಜಾಗ, ಗುರಿ ಐಎನ್‌ಆರ್ ಬರೆದ ವೈದ್ಯರ ಪತ್ರ ಜೊತೆಗಿರಲಿ. ಮೊದಲ ವಾರದಲ್ಲೇ ಒಂದು ಪರೀಕ್ಷೆ ಮಾಡಿಸಿ, ಊಟ ಬದಲಾಗಿರುತ್ತದೆ.

ವಾರ್ಫರಿನ್ ಮಾತ್ರೆಗೆ ಆ ದೇಶಗಳಲ್ಲಿ ಶಕ್ತಿಗೊಂದು ಬಣ್ಣ. ಅಮೆರಿಕದಲ್ಲಿ ಗುಲಾಬಿ ಮಾತ್ರೆ ಅಂದರೆ 1 ಮಿಗ್ರಾಂ, ಇಂಗ್ಲೆಂಡಿನಲ್ಲಿ ಅದೇ ಗುಲಾಬಿ 5 ಮಿಗ್ರಾಂ. ಅಲ್ಲಿನ ಫಾರ್ಮಸಿಯಲ್ಲಿ ಬಣ್ಣ ಹೇಳಬೇಡಿ, ಅಂಕಿ ಹೇಳಿ.